ಎರಡು ಬೆರಳೆತ್ತರದ ಬೇರು: ಓಡುವಾಗ ಎಡವಿ ಬಿದ್ದರೆ ಏನೇನಾಗುತ್ತದೆ?

ಆವತ್ತು ಓಟ ಬಹಳ ಚೆನ್ನಾಗಿ ಸಾಗಿತ್ತು. ಉಸಿರು ಹದಕ್ಕೆ ಬಂದಿತ್ತು. ಕಾಲು ಹಗುರಾಗಿತ್ತು. ಹಿಂದಿನ ವಾರದ ಮೀನಖಂಡದ ನೋವು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. 8 ಕಿಲೋಮೀಟರ್ ಓಡಬೇಕಿತ್ತು, 6 ಮುಗಿದಿತ್ತು. ಇಷ್ಟೇ ವೇಗದಲ್ಲಿ ಓಡಬೇಕು ಅನ್ನುವ ಒತ್ತಡ ಇರಲಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಹರಟೆ ಹೊಡೆಯುತ್ತಾ ಓಡಬಹುದಾದ ವೇಗ. ಮರಗಳ ಕೆಳಗಿನ ಒಂದು ತಿರುವು ದಾಟಿದೆ. ಬಲಗಾಲಿನ ತುದಿಗೆ ಏನೋ ತಗುಲಿತು. ಅಯ್ಯೋ ಅನ್ನುವುದಕ್ಕೂ ಪುರುಸೊತ್ತು ಸಿಗಲಿಲ್ಲ, ಮಕಾಡೆ ಬಿದ್ದಿದ್ದೆ.

ಎದ್ದ ಕೂಡಲೇ ಮಾಡಿದ ಮೊದಲ ಕೆಲಸ, ಯಾರಾದರೂ ನೋಡಿದರಾ ಅಂತ ಸುತ್ತ ಕಣ್ಣಾಡಿಸಿದ್ದು. ಎರಡನೆಯದು ವಾಚ್ ನಿಲ್ಲಿಸಿದ್ದು. ಮಂಡಿಯನ್ನೂ ಅಂಗೈಯನ್ನೂ ನೋಡಿಕೊಂಡದ್ದು ಅದಾದ ಮೇಲೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ಅಲ್ವಾ! ಓಡುವ ಅಭ್ಯಾಸ ಇರುವವರನ್ನು ಕೇಳಿ ನೋಡಿ, ಬಹಳ ಜನ ಇದೇ ಕ್ರಮ ಹೇಳುತ್ತಾರೆ.

ಎಡ ಮಂಡಿ ತರಚಿ ರಕ್ತ ಮೀನಖಂಡದವರೆಗೆ ಇಳಿದಿತ್ತು. ಬೆಂಕಿ ಇಟ್ಟ ಹಾಗೆ ಉರಿ. ಎರಡೂ ಅಂಗೈಯಲ್ಲಿ ಮಣ್ಣು, ಮೂರ್ನಾಲ್ಕು ಸಣ್ಣ ಕಲ್ಲು. ಎಡ ಮಣಿಕಟ್ಟು ಸ್ವಲ್ಪ ಬಿಗಿದಂತಿತ್ತು, ಅಷ್ಟೇ. ಮಂಡಿ ಕೂಗಾಡುತ್ತಿದ್ದಾಗ ಮಣಿಕಟ್ಟಿನ ಮಾತು ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ. ಆ ತಪ್ಪಿನ ಕಥೆ ಮುಂದೆ ಬರುತ್ತದೆ. ಅದಕ್ಕೂ ಮೊದಲು, ದಿನಾ ಓಡುವ ಕಾಲು ಇದ್ದಕ್ಕಿದ್ದಂತೆ ಎಡವುವುದು ಯಾಕೆ ಅಂತ ನೋಡೋಣ.

ಕಾಲಿಗೂ ನೆಲಕ್ಕೂ ನಡುವಿನ ಸಂದು

ನಡೆಯುವಾಗ ನಮ್ಮ ಪಾದ ನೆಲದಿಂದ ತುಂಬಾ ಮೇಲೆ ಏಳುತ್ತದೆ ಅಂತ ನಮಗೆ ಅನ್ನಿಸುತ್ತದೆ. ಹಾಗೇನಿಲ್ಲ. ಹಿಂದಿನ ಕಾಲು ಮುಂದಕ್ಕೆ ಬರುವಾಗ, ದೇಹದ ಕೆಳಗೆ ಹಾದುಹೋಗುವ ಗಳಿಗೆಯಲ್ಲಿ, ಶೂ ತುದಿಗೂ ನೆಲಕ್ಕೂ ನಡುವೆ ಇರುವ ಸಂದು ಬರೀ 1ರಿಂದ 2 ಸೆಂಟಿಮೀಟರ್. ಬೆರಳು ಅಡ್ಡ ಇಟ್ಟರೆ ಮುಗಿಯಿತು. ತಮಾಷೆ ಅಂದರೆ, ಪಾದ ಅತಿ ವೇಗವಾಗಿ ಚಲಿಸುವುದೂ ಹೆಚ್ಚುಕಮ್ಮಿ ಅದೇ ಗಳಿಗೆಯಲ್ಲಿ. ನೀವು ನಡೆಯುವ ವೇಗದ ಸುಮಾರು ಮೂರು ಪಟ್ಟು ವೇಗದಲ್ಲಿ ಅದು ಮುಂದಕ್ಕೆ ಹಾಯುತ್ತಿರುತ್ತದೆ. ಅಂದರೆ ಸಂದು ಅತಿ ಕಡಿಮೆ ಇರುವಾಗಲೇ ವೇಗ ಅತಿ ಜಾಸ್ತಿ.

ಓಡುವಾಗ ಮಂಡಿ ಜಾಸ್ತಿ ಮಡಚುತ್ತದೆ, ಹಿಮ್ಮಡಿ ಹಿಂದಕ್ಕೆ ಎದ್ದು ಬರುತ್ತದೆ. ಹಾಗಾಗಿ ಈ ಸಂದು ದೊಡ್ಡದಾಗುತ್ತದೆ. ಜೋರಾಗಿ ಓಡುವವರ ಕಾಲನ್ನು ಪಕ್ಕದಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ, ಹಿಮ್ಮಡಿ ಪೃಷ್ಠದ ಹತ್ತಿರಕ್ಕೇ ಬರುತ್ತದೆ. ನಿಧಾನವಾಗಿ ಓಡುವಾಗ ಹಾಗಲ್ಲ. ಕಾಲು ಎತ್ತುವ ಅಗತ್ಯವೇ ಬೀಳುವುದಿಲ್ಲ, ಪಾದ ನೆಲಕ್ಕೆ ಹತ್ತಿರದಲ್ಲೇ ಜರುಗುತ್ತದೆ. ಅದರ ಮೇಲೆ ದಣಿವು ಸೇರಿದರೆ, ಪಾದದ ತುದಿಯನ್ನು ಮೇಲಕ್ಕೆ ಎಳೆದು ಹಿಡಿಯುವ ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯು ಸೋಲುತ್ತದೆ. ಸೊಂಟವನ್ನು ಮಡಚುವ ಸ್ನಾಯುಗಳೂ ಸೋಲುತ್ತವೆ. ಸಂದು ಇನ್ನಷ್ಟು ಕಿರಿದಾಗುತ್ತದೆ. ಇದು ಓಡುವವರ ಗಮನಕ್ಕೇ ಬರುವುದಿಲ್ಲ.

ಹಾಗಾಗಿ ಖುಷಿಯೇ ನನ್ನನ್ನು ಬೀಳಿಸಿತು ಅಂತ ಹೇಳಲಾರೆ. ಆದರೆ ಖುಷಿಯ ಓಟ ಅಂದರೆ ಸಾಮಾನ್ಯವಾಗಿ ಆರಾಮದ ಓಟ. ಆರಾಮದ ಓಟದಲ್ಲಿ ಕಾಲು ತಗ್ಗಿನಲ್ಲೇ ಹೋಗುತ್ತದೆ, ಕಣ್ಣು ಎಲ್ಲೆಲ್ಲೋ ಇರುತ್ತದೆ. ಸ್ಪರ್ಧೆಯ ದಿನ ನಾವು ನೆಲವನ್ನು ಎಷ್ಟು ಜಾಗ್ರತೆಯಿಂದ ನೋಡುತ್ತೇವೆ ಅಂತ ನೆನೆಸಿಕೊಳ್ಳಿ.

ಅಂದಹಾಗೆ ಈ ಓಟದ ಖುಷಿಗೆ ಎಂಡಾರ್ಫಿನ್, ಅಂದರೆ ದೇಹವೇ ತಯಾರಿಸುವ ನೋವು ತಗ್ಗಿಸುವ ರಾಸಾಯನಿಕ, ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಅಷ್ಟು ಗಟ್ಟಿಯಲ್ಲ. ರಕ್ತಕ್ಕೆ ಬರುವ ಎಂಡಾರ್ಫಿನ್ ಮಿದುಳಿನ ತಡೆಗೋಡೆ ದಾಟುವುದು ಕಷ್ಟ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎಂಡಾರ್ಫಿನ್ ಕೆಲಸ ಮಾಡುವ ಬಾಗಿಲನ್ನೇ ಔಷಧಿಯಿಂದ ಮುಚ್ಚಿ ಜನರನ್ನು ಓಡಿಸಿದರು. ಆದರೂ ಅವರ ಖುಷಿ ಹಾಗೇ ಇತ್ತು. ನಮ್ಮ ದೇಹವೇ ತಯಾರಿಸುವ, ಗಾಂಜಾದಲ್ಲಿರುವ ವಸ್ತುವನ್ನು ಹೋಲುವ ಎಂಡೋಕ್ಯಾನಬಿನಾಯ್ಡ್‌ಗಳೇ ಈ ಖುಷಿಗೆ ಕಾರಣ ಇರಬಹುದು ಅನ್ನುವ ಅನುಮಾನ ಈಗ ಜಾಸ್ತಿ. ಅವು ಆ ಗೋಡೆಯನ್ನು ಸಲೀಸಾಗಿ ದಾಟುತ್ತವೆ. ಇರಲಿ, ಬಿದ್ದ ಕಥೆಗೆ ವಾಪಸ್ ಬರೋಣ.

ಇನ್ನು ಕಣ್ಣಿನ ವಿಷಯ. ಏರುಪೇರಿನ ನೆಲದಲ್ಲಿ ನಡೆಯುವವರ ಕಣ್ಣು ಎಲ್ಲಿ ನೆಟ್ಟಿರುತ್ತದೆ ಅಂತ ಅಳೆದು ನೋಡಿದ್ದಾರೆ. ಅವರು ಪಾದದ ಬುಡವನ್ನು ನೋಡುವುದಿಲ್ಲ. ಸುಮಾರು ಒಂದೂವರೆ ಸೆಕೆಂಡ್ ಆದಮೇಲೆ ತಾವು ಎಲ್ಲಿರುತ್ತೇವೋ ಅಲ್ಲಿ ನೋಡುತ್ತಾರೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುವವರಿಗೆ ಅದು ಸುಮಾರು 4 ಮೀಟರ್ ಮುಂದಿನ ಜಾಗ. ಕಣ್ಣು ಅಲ್ಲಿ ಕಂಡದ್ದನ್ನು ಮಿದುಳು ಜೋಪಾನ ಮಾಡಿಟ್ಟುಕೊಂಡು, ಕಾಲು ಅಲ್ಲಿಗೆ ಬಂದಾಗ ಬಳಸುತ್ತದೆ. ನೆಲ ಸಪಾಟಾಗಿದೆ ಅನ್ನಿಸಿದ ಕೂಡಲೇ ಕಣ್ಣು ಈ ಕೆಲಸಕ್ಕೆ ರಜೆ ಹಾಕುತ್ತದೆ. ಆಮೇಲೆ ಮರ, ಆಕಾಶ, ಪಕ್ಕದವರ ಮುಖ.

ಅದಕ್ಕೇ ದೊಡ್ಡ ಕಲ್ಲಿಗೆ ಯಾರೂ ಎಡವುವುದಿಲ್ಲ. ಎಡವುವುದು ಎರಡು ಬೆರಳೆತ್ತರದ ಬೇರಿಗೆ, ಕಾಲುದಾರಿಯಲ್ಲಿ ಒಂಚೂರು ಮೇಲೆದ್ದ ಚಪ್ಪಡಿ ಅಂಚಿಗೆ. ಬೇರಿನ ಬಣ್ಣ ಮಣ್ಣಿನದೇ. ಎಲೆಗಳ ನಡುವಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದಿದ್ದರೆ ಯಾವುದು ನೆರಳು, ಯಾವುದು ಉಬ್ಬು ಅಂತ ತಿಳಿಯುವುದೇ ಇಲ್ಲ. ನಿಮಿಷಕ್ಕೆ 165 ಹೆಜ್ಜೆ ಅಂತ ಇಟ್ಟುಕೊಂಡರೆ, ಆವತ್ತು ಬೀಳುವ ಹೊತ್ತಿಗೆ ನಾನು ಇಟ್ಟದ್ದು 6000ಕ್ಕೂ ಜಾಸ್ತಿ ಹೆಜ್ಜೆ. ಅದರಲ್ಲಿ ತಪ್ಪಿದ್ದು ಒಂದೇ ಒಂದು. ನಡೆಯುವವರು ಎಡವದೆ ಕೂತವರು ಎಡವುತ್ತಾರಾ?

ಅರ್ಧ ಸೆಕೆಂಡಿನ ನಾಟಕ

ಪಾದ ನಿಂತಿತು, ದೇಹ ನಿಲ್ಲಲಿಲ್ಲ. ಎಡವುವುದು ಅಂದರೆ ಇಷ್ಟೇ. ಮುಂದಕ್ಕೆ ಹೋಗುತ್ತಿದ್ದ ಮೈಯ ಬುಡವನ್ನು ಯಾರೋ ಹಿಡಿದುಕೊಂಡರೆ ಮೇಲಿನ ಭಾಗ ಮುಂದಕ್ಕೆ ಮಗುಚುತ್ತದೆ. ಈ ಮಗುಚುವಿಕೆಯನ್ನು ತಡೆಯುವುದೇ ದೇಹದ ಮುಂದಿರುವ ಕೆಲಸ.

ಸಮಯ ಎಷ್ಟಿದೆ? ಒಂದು ಮೀಟರ್ ಎತ್ತರದಿಂದ ಕಲ್ಲು ಬಿಟ್ಟರೆ ನೆಲ ಮುಟ್ಟಲು 0.45 ಸೆಕೆಂಡ್ ಸಾಕು. ಮನುಷ್ಯ ಬೀಳಲು ಅದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಆದರೂ ಅರ್ಧ ಸೆಕೆಂಡಿನ ಆಸುಪಾಸು. ಇನ್ನೊಂದು ಕಡೆ, ಬೆಳಕು ಕಂಡ ಕೂಡಲೇ ಒಂದು ಗುಂಡಿ ಒತ್ತುವಂಥ ಸುಲಭದ ಕೆಲಸಕ್ಕೂ ನಮಗೆ ಸುಮಾರು 0.2 ಸೆಕೆಂಡ್ ಬೇಕು. ಯೋಚಿಸಿ ನಿರ್ಧಾರ ಮಾಡುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಅದಕ್ಕೇ ಈ ಕೆಲಸದ ಬಹುಪಾಲು ನಮ್ಮನ್ನು ಕೇಳದೇ ನಡೆಯುತ್ತದೆ. ಕಾಲಿನ ಸ್ನಾಯು ಹಠಾತ್ತನೆ ಎಳೆಯಲ್ಪಟ್ಟ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ಮೊದಲ ಉತ್ತರ 0.05 ಸೆಕೆಂಡಿನೊಳಗೆ ವಾಪಸ್ ಬಂದಿರುತ್ತದೆ. 0.1 ಸೆಕೆಂಡಿನ ಹೊತ್ತಿಗೆ ಎರಡೂ ಕಾಲಿನ ಸ್ನಾಯುಗಳು ಒಟ್ಟಾಗಿ ಕೆಲಸಕ್ಕೆ ಇಳಿದಿರುತ್ತವೆ.

ಅವು ಮಾಡುವ ಕೆಲಸದಲ್ಲಿ ಎರಡು ಬಗೆ. ಕಾಲು ಆಗಷ್ಟೇ ನೆಲ ಬಿಟ್ಟು ಹೊರಟಿದ್ದಾಗ ತಗುಲಿದರೆ, ದೇಹ ಅದೇ ಕಾಲನ್ನು ಇನ್ನೂ ಮೇಲಕ್ಕೆತ್ತಿ ಅಡ್ಡ ಬಂದದ್ದನ್ನು ದಾಟಿಸುತ್ತದೆ. ಕಾಲು ಮುಂದೆ ಹೋಗಿ ಇನ್ನೇನು ಇಳಿಯಬೇಕು ಅನ್ನುವಾಗ ತಗುಲಿದರೆ, ಎತ್ತುವುದನ್ನು ಬಿಟ್ಟು ಅಲ್ಲೇ ದಬಕ್ಕನೆ ಕೆಳಗಿಟ್ಟು ಇನ್ನೊಂದು ಕಾಲನ್ನು ಮುಂದಕ್ಕೆ ಹಾರಿಸುತ್ತದೆ. ನೀವು ಮುಗ್ಗರಿಸಿ ನಾಲ್ಕು ಹೆಜ್ಜೆ ದಡಬಡ ಓಡಿ ಸಂಭಾಳಿಸಿಕೊಂಡ ಎಷ್ಟೋ ಸಲ ನಡೆದದ್ದು ಇದೇ. ಆಗ ನೆಲದ ಮೇಲಿರುವ ಕಾಲಿಗೆ ದೊಡ್ಡ ಪಾತ್ರ ಇದೆ. ಅದು ನೆಲವನ್ನು ಒದ್ದು, ಮಗುಚುತ್ತಿರುವ ಮೈಯನ್ನು ಹಿಂದಕ್ಕೆ ತಳ್ಳಿ, ಇನ್ನೊಂದು ಕಾಲು ಮುಂದೆ ಬರುವುದಕ್ಕೆ ಸಮಯ ಗಳಿಸಿ ಕೊಡುತ್ತದೆ.

ಓಟಕ್ಕೂ ನಡಿಗೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಕೈಕೊಡುವುದು. ನಡೆಯುವಾಗ ಒಂದಲ್ಲ ಒಂದು ಪಾದ ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಎರಡೂ ಪಾದ ಗಾಳಿಯಲ್ಲಿರುವ ಒಂದು ಗಳಿಗೆ ಇದೆ. ಕಾಲಿನ ತುದಿ ಆಗ ತಗುಲಿದರೆ ಒದ್ದು ನಿಲ್ಲುವುದಕ್ಕೆ ನೆಲವೇ ಇಲ್ಲ.

ಬಿದ್ದಾಗ ಎಷ್ಟು ಏಟು ಬೀಳುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಮಾಡೋಣ, ನನಗೆ ಇದು ತುಂಬಾ ಹಿಡಿಸಿದ ಲೆಕ್ಕ. 70 ಕಿಲೋ ತೂಕದವರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದಾರೆ ಅನ್ನಿ. ಮುಂದಕ್ಕೆ ಓಡುವುದರಿಂದ ಅವರಲ್ಲಿರುವ ಶಕ್ತಿ ಸುಮಾರು 270 ಜೂಲ್. ಅವರ ದೇಹದ ಭಾರದ ನಡುಬಿಂದು, ಅಂದರೆ ಹೊಕ್ಕುಳಿನ ಹತ್ತಿರದ ಜಾಗ, ಹೆಚ್ಚುಕಮ್ಮಿ ಒಂದು ಮೀಟರ್ ಎತ್ತರದಿಂದ ನೆಲದ ಹತ್ತಿರಕ್ಕೆ ಇಳಿಯುತ್ತದೆ. ಇಳಿತ 80 ಸೆಂಟಿಮೀಟರ್ ಅಂದುಕೊಂಡರೂ ಅದರಿಂದ ಹುಟ್ಟುವ ಶಕ್ತಿ ಸುಮಾರು 550 ಜೂಲ್. ಓಟದ ಶಕ್ತಿಯ ಎರಡು ಪಟ್ಟು! ಈ 550 ನೀವು ನಿಧಾನಕ್ಕೆ ಓಡಿದರೂ ಕಡಿಮೆಯಾಗುವುದಿಲ್ಲ. ನಿಮ್ಮ ಎತ್ತರ, ನಿಮ್ಮ ತೂಕ, ನೆಲದ ಎಳೆತ, ಅಷ್ಟೇ ಅದರ ಲೆಕ್ಕ.

ಸ್ವಲ್ಪ ಒರಟಾಗಿ ಹೇಳಿದರೆ, ಕೆಳಗೆ ಬೀಳುವ ಪೆಟ್ಟು ಮೂಳೆಗೆ, ಮುಂದೆ ಜಾರುವ ಪೆಟ್ಟು ಚರ್ಮಕ್ಕೆ. ಜೋರಾಗಿ ಓಡಿ ಬಿದ್ದವರ ಚರ್ಮ ಹೆಚ್ಚು ಕಿತ್ತುಹೋಗುತ್ತದೆ. ವೇಗ ಎರಡು ಪಟ್ಟಾದರೆ ಜಾರುವ ಶಕ್ತಿ ನಾಲ್ಕು ಪಟ್ಟು. ಆದರೆ ಮೂಳೆ ಮುರಿಯುವುದಕ್ಕೆ ಜೋರಾದ ಓಟವೇನೂ ಬೇಕಿಲ್ಲ. "ಅಯ್ಯೋ, ನಿಧಾನಕ್ಕೇ ಹೋಗ್ತಿದ್ದೆ, ಏನಾಗಿರಲ್ಲ ಬಿಡಿ" ಅನ್ನುವ ಸಮಾಧಾನಕ್ಕೆ ಆಧಾರ ಇಲ್ಲ.

ಮುಂದೆ ಚಾಚಿದ ಕೈ

ಬೀಳುವಾಗ ಕೈ ತಾನಾಗಿ ಮುಂದೆ ಬರುತ್ತದೆ. ಮುಖ, ತಲೆ ಉಳಿಸಲು ದೇಹ ಕೊಡುವ ಬಲಿ ಅದು. ಒಳ್ಳೆಯ ವ್ಯಾಪಾರವೇ, ಆದರೆ ಬೆಲೆ ತೆರುವುದು ಮಣಿಕಟ್ಟು. ಮೊಣಕೈ ನೇರವಾಗಿ ಸೆಟೆದಿದ್ದರೆ ಪೂರ್ತಿ ಹೊಡೆತ ಅಂಗೈಯಿಂದ ಮುಂಗೈ ಮೂಳೆಗೆ, ಅಲ್ಲಿಂದ ಭುಜಕ್ಕೆ ಹೋಗುತ್ತದೆ. ಮೊಣಕೈ ಸ್ವಲ್ಪ ಮಡಚಿದ್ದರೆ ಕೈ ಸ್ಪ್ರಿಂಗ್ ಥರ ಬಾಗಿ ಹೊಡೆತದ ಜೋರು ತಗ್ಗುತ್ತದೆ.

ಹೀಗೆ ಕೈಯೂರಿ ಬಿದ್ದಾಗ ಮಣಿಕಟ್ಟಿನ ಮೇಲೆ ಮುಂಗೈ ಮೂಳೆ ಮುರಿಯುವುದನ್ನು 1814ರಲ್ಲೇ ಏಬ್ರಹಾಂ ಕಾಲಿಸ್ ಅನ್ನುವ ಐರಿಷ್ ಶಸ್ತ್ರವೈದ್ಯ ವಿವರಿಸಿದ್ದರು. ಎಕ್ಸ್-ರೇ ಬಂದದ್ದು 1895ರಲ್ಲಿ. ಅಂದರೆ 81 ವರ್ಷ ಮೊದಲೇ, ಬರೀ ಕೈಯ ಆಕಾರ ನೋಡಿ, ಮುಟ್ಟಿ ಹೇಳಿದ್ದು. ಈ ಮುರಿತ ಗುಟ್ಟಾಗಿ ಇರುವಂಥದ್ದಲ್ಲ. ಕೈ ಊದುತ್ತದೆ, ಎಷ್ಟೋ ಸಲ ಸೊಟ್ಟಗಾಗುತ್ತದೆ. ಡಾಕ್ಟರ ಹತ್ತಿರ ಹೋಗದೆ ವಿಧಿಯಿಲ್ಲ.

ಗುಟ್ಟಿನದು ಬೇರೆ ಇದೆ. ಹೆಬ್ಬೆರಳನ್ನು ಮೇಲಕ್ಕೆ ಸೆಟೆಸಿ ನೋಡಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ, ಎರಡು ಹುರಿಗಳು ಎದ್ದು ಕಾಣುತ್ತವೆ. ಅವುಗಳ ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ನಶ್ಯ ಏರಿಸುವವರು ಹಿಂದೆ ಚಿಟಿಕೆ ನಶ್ಯವನ್ನು ಇದರಲ್ಲೇ ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ವೈದ್ಯರು ಇವತ್ತಿಗೂ ಅದನ್ನು ನಶ್ಯದ ಡಬ್ಬಿ ಅಂತಲೇ ಕರೆಯುತ್ತಾರೆ. ಆ ಗುಳಿಯ ತಳದಲ್ಲಿರುವುದು ಸ್ಕೇಫಾಯ್ಡ್ ಅನ್ನುವ ಗೋಡಂಬಿ ಗಾತ್ರದ ಮೂಳೆ. ಹೆಸರಿನ ಅರ್ಥ ದೋಣಿಯಂಥದ್ದು ಅಂತ. ಕೈಯೂರಿ ಬಿದ್ದಾಗ ಇದು ಬಿರುಕು ಬಿಡಬಹುದು. ಆದರೆ ಹೊರಗೆ ಏನೂ ಕಾಣದೆ ಇರಬಹುದು. ಊತ ಚೂರು, ನೋವು ಚೂರು. ಬೆರಳೆಲ್ಲ ಆಡುತ್ತವೆ. "ಉಳುಕಿರಬೇಕು" ಅಂತ ಸುಮ್ಮನಾಗುತ್ತೇವೆ.

ಉರುಳಿ ಬೀಳುವುದನ್ನು ಕಲಿಯಬಹುದಲ್ಲ ಅಂತ ಕೇಳುವವರಿದ್ದಾರೆ. ಕಲಿಯಬಹುದು. ಜೂಡೋದಲ್ಲಿ ಎದುರಾಳಿಯನ್ನು ಎತ್ತಿ ಹಾಕುವುದಕ್ಕೂ ಮೊದಲು ಕಲಿಸುವುದು ಬೀಳುವುದನ್ನೇ. ಒಂದೇ ಜಾಗದ ಮೇಲೆ ಬೀಳುವ ಹೊಡೆತವನ್ನು ಮುಂಗೈ, ಭುಜ, ಬೆನ್ನಿಗೆ ಹಂಚುವುದು ಅದರ ಗುಟ್ಟು. ಆದರೆ ನೂರಾರು ಸಲ ಚಾಪೆಯ ಮೇಲೆ ಬಿದ್ದು ಮೈಗೆ ಹತ್ತಿದ ವಿದ್ಯೆ ಮಾತ್ರ ಆ ಅರ್ಧ ಸೆಕೆಂಡಿನಲ್ಲಿ ಕೈಹಿಡಿಯುತ್ತದೆ. ಓದಿಕೊಂಡದ್ದು ನೆನಪಾಗುವ ಹೊತ್ತಿಗೆ ನೀವು ನೆಲದ ಮೇಲಿರುತ್ತೀರಿ.

ಮೊದಲು ಚುರ್, ಆಮೇಲೆ ಉರಿ

ಅಂಗೈ ನೆಲಕ್ಕೆ ಉಜ್ಜಿದಾಗ ಮೊದಲು ಚುರ್ ಅನ್ನುತ್ತದೆ. ಒಂದು ಗಳಿಗೆ ಬಿಟ್ಟು ಉರಿ ಏರುತ್ತದೆ. ಇದು ನಮ್ಮ ಭ್ರಮೆಯಲ್ಲ. ನೋವಿನ ಸುದ್ದಿ ಒಯ್ಯುವ ನರಗಳಲ್ಲಿ ಎರಡು ಜಾತಿ. ಒಂದು ಜಾತಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಮುಟ್ಟಿಸುತ್ತದೆ. ಇನ್ನೊಂದು ಜಾತಿ ಸೆಕೆಂಡಿಗೆ 2 ಮೀಟರನ್ನೂ ದಾಟುವುದಿಲ್ಲ. ಅಂಗೈಯಿಂದ ಬೆನ್ನುಹುರಿಗೆ ಹತ್ತಿರಹತ್ತಿರ ಒಂದು ಮೀಟರ್ ದಾರಿ. ಹಾಗಾಗಿ ಚುರ್ ತಕ್ಷಣ ಬರುತ್ತದೆ, ಉರಿ ಹಿಂದಿನಿಂದ ನಡೆದುಕೊಂಡು ಬರುತ್ತದೆ.

ತರಚು ಗಾಯ ಇಷ್ಟೊಂದು ಉರಿಯುವುದು ಅದು ಆಳವಾಗಿಲ್ಲ ಅನ್ನುವ ಕಾರಣಕ್ಕೇ. ಚರ್ಮದ ಮೇಲ್ಪದರ ಕಿತ್ತುಹೋದರೆ ಅದರ ಕೆಳಗಿನ ನರದ ತುದಿಗಳೆಲ್ಲ ಬಯಲಿಗೆ ಬೀಳುತ್ತವೆ. ಅಂಗೈ ಅಗಲದ ಜಾಗದಲ್ಲಿ ಸಾವಿರಾರು ತುದಿಗಳು ಗಾಳಿ, ಬೆವರು, ಮಣ್ಣಿಗೆ ಮೈ ಒಡ್ಡಿ ನಿಂತರೆ ಇನ್ನೇನಾದೀತು? ಅದೇ ಹೊತ್ತಿಗೆ ಮೈಯಲ್ಲಿ ಅಡ್ರಿನಲಿನ್ ಉಕ್ಕಿರುತ್ತದೆ, ಒಳಗಿನ ಮೊಂಡ ನೋವನ್ನು ಅದು ಸ್ವಲ್ಪ ಹೊತ್ತು ಅದುಮಿಡುತ್ತದೆ. ಹೀಗೆ ಗದ್ದಲ ಮಾಡುವ ಗಾಯಕ್ಕೂ ಗಂಭೀರವಾದ ಗಾಯಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ. ನನ್ನ ಮಂಡಿ ಅರಚುತ್ತಿದ್ದಾಗ ಮಣಿಕಟ್ಟು ಸುಮ್ಮನಿದ್ದದ್ದು ಹೀಗೆ.

ಅದಕ್ಕೇ ಬಿದ್ದ ಮೇಲಿನ ಮೊದಲ ಎರಡು ನಿಮಿಷ ಎದ್ದೇಳುವ ಆತುರ ಬೇಡ. ದಾರಿಯ ಮಧ್ಯ ಇದ್ದರೆ ಪಕ್ಕಕ್ಕೆ ಸರಿದು ಕೂತುಕೊಳ್ಳಿ. ಕುತ್ತಿಗೆ ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ ಮಾತ್ರ ಅಲುಗಾಡದೆ ಸಹಾಯಕ್ಕೆ ಕರೆಯಬೇಕು. ತಲೆ ನೆಲಕ್ಕೆ ಬಡಿಯಿತಾ ಅನ್ನುವುದು ಮೊದಲ ಪ್ರಶ್ನೆ. ಬಡಿದಿದ್ದರೆ, ತಲೆ ಮಂಕಾಗಿದ್ದರೆ, ಬಿದ್ದದ್ದು ಸರಿಯಾಗಿ ನೆನಪಿಲ್ಲದಿದ್ದರೆ, ಓಟ ಆವತ್ತಿಗೆ ಮುಗಿಯಿತು. ಚೆನ್ನಾಗಿದ್ದೇನೆ ಅನ್ನಿಸಿದರೂ ಮುಗಿಯಿತು. ತಲೆನೋವು ಏರುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳಲಾಗದ ಮಂಪರು, ಮಾತು ತೊದಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ ಈ ಚಿಹ್ನೆಗಳಿಗೂ ಕಾಯಬಾರದು.

ಆಮೇಲೆ ಕೈ. ಎರಡೂ ಕೈಯ ಆ ನಶ್ಯದ ಗುಳಿಯನ್ನು ಒತ್ತಿ ನೋಡಿ. ಒಂದು ಕಡೆ ಚಳಕ್ ಅಂದರೆ ಅದನ್ನು ಉಳುಕು ಅಂತ ಬಿಡಬೇಡಿ. ಆಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಈ ನಾಲ್ಕು ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಹಿಮ್ಮಡಿ ಗಂಟಿನ ಪೆಟ್ಟಿಗೆ ಎಕ್ಸ್-ರೇ ಬೇಕೋ ಬೇಡವೋ ಅಂತ ತಿಳಿಯಲು ನಿಯಮ ಮಾಡಿದರು. ಪೆಟ್ಟಾದ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಂಟಿನ ಎರಡು ಬದಿಯ ಉಬ್ಬು ಮೂಳೆಯ ಹಿಂಭಾಗ ಒತ್ತಿದಾಗ ನೋಯುತ್ತಿದ್ದರೆ, ಎಕ್ಸ್-ರೇ ಬೇಕು. ಮಂಡಿಗೂ ಇಂಥದ್ದೇ ನಿಯಮ ಆಮೇಲೆ ಬಂತು. ಅದರಲ್ಲಿ ಮಂಡಿಚಿಪ್ಪನ್ನು ಒತ್ತಿದರೆ ನೋವಿದೆಯಾ, ಮಂಡಿ 90 ಡಿಗ್ರಿ ಮಡಚುತ್ತದಾ ಅನ್ನುವುದೂ ಸೇರಿದೆ.

ಬಿದ್ದರೂ ಎದ್ದು ಓಡಿ ಗೆದ್ದವರ ಕಥೆಗಳು ನಮ್ಮ ತಲೆ ಕೆಡಿಸಿವೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 10,000 ಮೀಟರ್ ಫೈನಲ್‌ನಲ್ಲಿ ಫಿನ್ಲೆಂಡಿನ ಲಾಸೆ ವಿರೆನ್ ಬಿದ್ದು, ಎದ್ದು, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. 2016ರಲ್ಲಿ ರಿಯೋದಲ್ಲಿ ಮೋ ಫರಾ ಅದೇ ದೂರದ ಫೈನಲ್‌ನಲ್ಲಿ ಬಿದ್ದು ಗೆದ್ದರು. ಟೋಕಿಯೋದಲ್ಲಿ ಸಿಫಾನ್ ಹಸನ್ 1500 ಮೀಟರ್ ಹೀಟ್‌ನ, ಅಂದರೆ ಅರ್ಹತಾ ಓಟದ, ಕೊನೆಯ ಸುತ್ತಿನಲ್ಲಿ ಬಿದ್ದರು, ಎದ್ದು ಎಲ್ಲರನ್ನೂ ಹಿಂದಿಕ್ಕಿ ಮೊದಲು ಬಂದರು, ಅದೇ ದಿನ 5000 ಮೀಟರ್ ಚಿನ್ನವನ್ನೂ ಗೆದ್ದರು. ರೋಮಾಂಚನ ಆಗುತ್ತದೆ, ನಿಜ. ಆದರೆ ಮ್ಯೂನಿಕ್‌ನಲ್ಲಿ ವಿರೆನ್ ಜೊತೆಗೇ ಬಿದ್ದ ಟ್ಯುನೀಷಿಯಾದ ಗಮೂದಿ ಓಟ ಮುಗಿಸಲಿಲ್ಲ, ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ನನ್ನ ಮುಂದೆ ಇದ್ದದ್ದು ಒಲಿಂಪಿಕ್ ಫೈನಲ್ ಅಲ್ಲ, ಇನ್ನೆರಡು ಕಿಲೋಮೀಟರ್ ಅಷ್ಟೇ. ಆದರೂ ಓಡಿ ಮುಗಿಸಿದೆ. ವಾಚಿನಲ್ಲಿ 8 ಅಂತ ಕಾಣಬೇಕಿತ್ತು ನೋಡಿ!

ಕಲ್ಲು ತೆಗೆಯುವ ಕೆಲಸ

ಮನೆಗೆ ಬಂದು ನಲ್ಲಿ ಕೆಳಗೆ ಮಂಡಿ ಇಟ್ಟೆ. ಹರಿಯುವ ಶುದ್ಧ ನೀರಿಗಿಂತ ಒಳ್ಳೆಯ ಔಷಧಿ ಈ ಹಂತದಲ್ಲಿ ಇನ್ನೊಂದಿಲ್ಲ. ಕುಡಿಯಲು ಯೋಗ್ಯವಾದ ನೀರಾದರೆ ಸಾಕು. ಐದು ನಿಮಿಷ, ಬೇಕಾದರೆ ಇನ್ನೂ ಜಾಸ್ತಿ. ಸೋಪು ಗಾಯದ ಸುತ್ತಲಿನ ಚರ್ಮಕ್ಕೆ, ಒಳಗಲ್ಲ.

ಅಂಗೈಯಲ್ಲಿ ಒಂದು ಕಪ್ಪು ಚುಕ್ಕೆ ಉಳಿದಿತ್ತು. ನೀರಿಗೆ ಹೋಗಲಿಲ್ಲ. ದೀಪದ ಕೆಳಗೆ ಹಿಡಿದು ನೋಡಿದರೆ ಸಾಸಿವೆಯ ಅರ್ಧದಷ್ಟು ಕಲ್ಲು, ಚರ್ಮದ ಒಂದು ಮಡಿಕೆಯ ಕೆಳಗೆ ಅಡಗಿ ಕೂತಿದೆ. ಚಿಮುಟವನ್ನು ತೊಳೆದು, ಚರ್ಮದ ಮಡಿಕೆಯನ್ನು ಮೆಲ್ಲಗೆ ಎತ್ತಿ, ಮೂರನೇ ಸಲಕ್ಕೆ ಹಿಡಿದು ಎಳೆದೆ. ಕಣ್ಣಲ್ಲಿ ನೀರು ಬಂತು. ಇದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಗೊತ್ತಾ? ಮೇಲೆ ಹೊಸ ಚರ್ಮ ಬೆಳೆದು, ಮಣ್ಣಿನ ಕಣ ಒಳಗೇ ಉಳಿದು, ಹಚ್ಚೆಯ ಹಾಗೆ ನೀಲಿಗಪ್ಪು ಗುರುತು ಕಾಯಂ ಆಗುತ್ತದೆ. ಆಮೇಲೆ ತೆಗೆಸುವುದು ದೊಡ್ಡ ಕೆಲಸ. ಆಳಕ್ಕೆ ಹೋಗಿದ್ದರೆ, ತುಂಬಾ ಇದ್ದರೆ, ಮರಗಟ್ಟಿಸುವ ಔಷಧಿ ಹಾಕಿ ಡಾಕ್ಟರೇ ತೆಗೆಯಲಿ.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುತ್ತದೆ, ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಆದರೆ ಅದು ಗಾಯ ಮಾಯಿಸಲು ಬರುವ ಹೊಸ ಜೀವಕೋಶಗಳಿಗೂ ಏಟು ಕೊಡುತ್ತದೆ. ಸ್ಪಿರಿಟ್ಟೂ ಅಷ್ಟೇ. ಉರಿದಷ್ಟೂ ಒಳ್ಳೆಯದು ಅನ್ನುವುದು ನಮ್ಮ ಹಳೆಯ ನಂಬಿಕೆ.

ಇನ್ನೊಂದು ನಂಬಿಕೆ, ಗಾಯಕ್ಕೆ ಗಾಳಿಯಾಡಬೇಕು, ಒಣಗಿ ಹಕ್ಕಳೆ ಕಟ್ಟಬೇಕು ಅನ್ನುವುದು. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಮೇಲ್ಮೈ ಗಾಯ ಮಾಡಿ, ಕೆಲವನ್ನು ಬಯಲಿಗೆ ಬಿಟ್ಟು, ಕೆಲವಕ್ಕೆ ಪಾಲಿಥೀನ್ ಹಾಳೆ ಹೊದಿಸಿ ನೋಡಿದರು. ಹಾಳೆಯ ಕೆಳಗೆ ಒದ್ದೆಯಾಗಿಯೇ ಇದ್ದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಮುಚ್ಚಿಕೊಂಡಿತು. ಕಾರಣ ಸರಳ. ಗಾಯದ ಅಂಚಿನಿಂದ ಹೊಸ ಕೋಶಗಳು ತೆವಳುತ್ತಾ ನಡುವಿಗೆ ಬರಬೇಕು. ಒದ್ದೆ ನೆಲದಲ್ಲಿ ಅವು ಸಲೀಸಾಗಿ ತೆವಳುತ್ತವೆ. ಒಣ ಹಕ್ಕಳೆ ಇದ್ದರೆ ಅದರ ಅಡಿಯಲ್ಲಿ, ಒದ್ದೆ ಸಿಗುವಷ್ಟು ಆಳಕ್ಕೆ ಇಳಿದು, ಸುರಂಗ ಕೊರೆದ ಹಾಗೆ ಸಾಗಬೇಕು. ಆದ್ದರಿಂದ ತೊಳೆದ ಗಾಯಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಬ್ಯಾಂಡೇಜ್ ಹಾಕಿ, ದಿನಾ ಬದಲಿಸಿದರೆ ಸಾಕು. ಕೆಂಪು ದಿನೇದಿನೇ ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ ತೋರಿಸಬೇಕು.

ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು. ಆ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ, ಗಾಳಿ ಆಡದ ಆಳದ ಗಾಯ ಅವಕ್ಕೆ ಇಷ್ಟ. ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಬೂಸ್ಟರ್. ಮಣ್ಣು ಮೆತ್ತಿದ ಗಾಯವಾದರೆ, ಹಿಂದಿನದು ಆಗಿ 5 ವರ್ಷ ದಾಟಿದ್ದರೂ ಒಂದು ಹಾಕಿಸಿ ಅನ್ನುತ್ತಾರೆ.

ಐಸ್ ಇಡುವುದರ ಬಗ್ಗೆ ಒಂದೇ ಮಾತು. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಎತ್ತರದಲ್ಲಿಡುವುದು ಅನ್ನುವ ಸೂತ್ರವನ್ನು 1978ರಲ್ಲಿ ಕೊಟ್ಟವರು ಗೇಬ್ ಮಿರ್ಕಿನ್ ಅನ್ನುವ ವೈದ್ಯರು. ಐಸ್ ಮತ್ತು ಪೂರ್ತಿ ವಿಶ್ರಾಂತಿ ಗಾಯ ವಾಸಿಯಾಗುವುದನ್ನು ತಡ ಮಾಡಬಹುದು ಅಂತ ಹಲವು ವರ್ಷ ಬಿಟ್ಟು ಅವರೇ ಹೇಳಿದರು. ನೋವು ತಡೆಯಲಾಗದಿದ್ದರೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ, ಬೇಗ ವಾಸಿಯಾಗುತ್ತದೆ ಅಂತ ಇಡಬೇಡಿ.

ಬೀಗದ ಕೈ ತಿರುಗಲಿಲ್ಲ

ಆವತ್ತು ಸಂಜೆ ಬಾಗಿಲಿಗೆ ಬೀಗ ಹಾಕಲು ಹೋದೆ. ನಾನು ಎಡಚ. ಬೀಗದ ಕೈಯನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ತಿರುಗಿಸಿದ ಕೂಡಲೇ ಮಣಿಕಟ್ಟಿನಲ್ಲಿ ಚಳಕ್ ಅಂತ ಒಂದು ನೋವು. ಕೈ ತಾನಾಗಿ ಬಿಟ್ಟುಬಿಟ್ಟಿತು. ಬೆಳಿಗ್ಗೆಯಿಂದ ಸುಮ್ಮನಿದ್ದ ಜಾಗ ಅದು.

ಮಾರನೇ ದಿನ ಎಕ್ಸ್-ರೇ ತೆಗೆಸಿದೆ. ಏನೂ ಇಲ್ಲ. ನಾನು ಖುಷಿಯಿಂದ ಎದ್ದೆ, ಡಾಕ್ಟರ್ ಕೂರಿಸಿದರು. ಆ ಗುಳಿಯನ್ನು ಹೆಬ್ಬೆರಳಿನಿಂದ ಒತ್ತಿದರು, ನಾನು ಕುರ್ಚಿಯಿಂದ ಹಾರಿದೆ. "ಫೋಟೋದಲ್ಲಿ ಇಲ್ಲ, ಆದರೆ ಇದೆ ಅಂತಲೇ ಇಟ್ಟುಕೊಳ್ಳೋಣ," ಅಂದರು. ಹೆಬ್ಬೆರಳೂ ಸೇರಿದ ಹಾಗೆ, ಕೈ ಅಲುಗಾಡದಂತೆ ಹಿಡಿಯುವ ಸ್ಪ್ಲಿಂಟ್ ಹಾಕಿ, ಎರಡು ವಾರ ಬಿಟ್ಟು ಬರಲು ಹೇಳಿದರು.

ಈ ಎರಡು ವಾರದ ಹಿಂದೆ ಲೆಕ್ಕ ಇದೆ. ಕೂದಲೆಳೆಯಂಥ ಬಿರುಕು ಹೊಸದರಲ್ಲಿ ಎಕ್ಸ್-ರೇಗೆ ಸಿಗದೆ ಹೋಗಬಹುದು. ದಿನ ಕಳೆದಂತೆ ದೇಹವೇ ಬಿರುಕಿನ ಅಂಚಿನ ಸತ್ತ ಮೂಳೆಯನ್ನು ಕರಗಿಸಿ ತೆಗೆಯುತ್ತದೆ. ಗೆರೆ ಅಗಲವಾಗುತ್ತದೆ, ಆಗ ಕಾಣುತ್ತದೆ. ಎಂಆರ್‌ಐ ಮಾಡಿಸಿದರೆ ಮೊದಲೇ ತಿಳಿಯುತ್ತದೆ.

ಈ ಪುಟ್ಟ ಮೂಳೆಗೆ ಇಷ್ಟು ಜೋಪಾನ ಯಾಕೆ ಅಂದರೆ, ಇದಕ್ಕೆ ರಕ್ತ ಬರುವ ದಾರಿಯೇ ವಿಚಿತ್ರ. ಸ್ಕೇಫಾಯ್ಡ್ ಮೂಳೆಯ ಮೈಯ ನೂರಕ್ಕೆ ಸುಮಾರು 80 ಭಾಗ ಮೃದ್ವಸ್ಥಿಯಿಂದ, ಅಂದರೆ ಕೀಲುಗಳಲ್ಲಿರುವ ನುಣುಪಾದ ಮೆತ್ತನೆ ಹೊದಿಕೆಯಿಂದ, ಮುಚ್ಚಿದೆ, ಅಲ್ಲಿ ರಕ್ತನಾಳ ಒಳಗೆ ಹೋಗಲು ಜಾಗ ಇಲ್ಲ. ಹಾಗಾಗಿ ಹೆಚ್ಚಿನ ನಾಳಗಳು ಮೂಳೆಯ ಬೆರಳಿನತ್ತಲಿನ ಭಾಗದಿಂದ ಒಳಹೊಕ್ಕು ಹಿಂದಕ್ಕೆ, ಮುಂಗೈ ಕಡೆಗೆ ಹರಿಯುತ್ತವೆ. ನಡುವೆ ಬಿರುಕು ಬಿಟ್ಟರೆ ಹಿಂದಿನ ತುಂಡಿಗೆ ರಕ್ತ ನಿಂತುಹೋಗಬಹುದು. ಸುಮ್ಮನೆ ಬಿಟ್ಟರೆ ಮೂಳೆ ಕೂಡಿಕೊಳ್ಳದೆ, ಕೆಲವು ವರ್ಷದಲ್ಲಿ ಮಣಿಕಟ್ಟಿಗೆ ಸಂಧಿವಾತ ಬರುವ ಅಪಾಯ ಇದೆ. ಉಳುಕು ಅಂತ ಬಿಟ್ಟವರಿಗೆ ಬರುವ ಕಷ್ಟ ಇದು.

ಎರಡನೇ ಎಕ್ಸ್-ರೇಯಲ್ಲಿ ಗೆರೆ ಕಂಡಿತು. ಪೆನ್ಸಿಲಿನಿಂದ ಎಳೆದಷ್ಟು ತೆಳ್ಳಗೆ. ಎಂಟು ವಾರ ಪ್ಲಾಸ್ಟರ್. ಕೂಗಾಡಿದ ಮಂಡಿ 12 ದಿನಕ್ಕೇ ವಾಸಿಯಾಗಿತ್ತು.

ಮತ್ತೆ ಓಡಲು ಶುರು ಮಾಡಿದವರು ಮೊದಲ ಕೆಲವು ದಿನ ತಮ್ಮ ಪಾದವನ್ನೇ ನೋಡುತ್ತಾ ಓಡುತ್ತಾರೆ. ನಾನೂ ಹಾಗೇ ಮಾಡಿದೆ. ಪ್ರಯೋಜನ ಇಲ್ಲ. ಪಾದದ ಹತ್ತಿರ ಬೇರು ಕಂಡಾಗ ಕಾಲು ಆಗಲೇ ಹೊರಟಾಗಿರುತ್ತದೆ. ಮೂರ್ನಾಲ್ಕು ಮೀಟರ್ ಮುಂದೆ ನೋಡಬೇಕು. ಹೆಜ್ಜೆ ಚಿಕ್ಕದಾಗಿ, ಬೇಗಬೇಗ ಇಟ್ಟರೆ ಒಂದು ಹೆಜ್ಜೆ ತಪ್ಪಿದರೂ ಮುಂದಿನದು ಬೇಗ ಬಂದು ಕಾಪಾಡುತ್ತದೆ. ಬೆಳಕು ಕಡಿಮೆ ಇದ್ದರೆ ತಲೆಗೆ ದೀಪ, ಕೈಯಲ್ಲಿ ಫೋನ್ ಬೇಡ. ಎಡವಿದ ಕಾಲೇ ಎಡವುವುದು ಅನ್ನುತ್ತಾರಲ್ಲ, ಅದರಲ್ಲೂ ಒಂದು ನಿಜ ಇದೆ. ಒಂದೇ ಕಾಲು ಪದೇಪದೇ ತಗುಲುತ್ತಿದ್ದರೆ, ಆ ಪಾದದ ತುದಿ ಎತ್ತಲು ಕಷ್ಟವಾಗುತ್ತಿದ್ದರೆ, ಮಂಡಿ ಪಕ್ಕದ ಅಥವಾ ಸೊಂಟದ ನರ ಒತ್ತಿರಬಹುದು. ಅದನ್ನು ವೈದ್ಯರಿಗೆ ತೋರಿಸಬೇಕು.

ಪ್ಲಾಸ್ಟರ್ ಬಿಚ್ಚಿದ ವಾರ ಆ ತಿರುವಿಗೆ ನಡೆದುಕೊಂಡು ಹೋದೆ. ಬೇರಿನ ಪಕ್ಕ ಕೂತು ಬೆರಳು ಇಟ್ಟು ಅಳೆದೆ, ಎರಡು ಬೆರಳೂ ಇಲ್ಲ. ಬಿದ್ದ ದಿನ ಹಾಕಿದ್ದ ಶೂಗಳೇ ಕಾಲಲ್ಲಿದ್ದವು. ಒಂದನ್ನೊಂದು ಪಕ್ಕದಲ್ಲಿಟ್ಟು ನೋಡಿದೆ. ಎಡ ಶೂವಿನ ಮುಂತುದಿಯ ರಬ್ಬರ್ ಹೊಸದರ ಹಾಗೇ ಇತ್ತು. ಬಲ ಶೂವಿನದು ಸವೆದು, ಒಳಗಿನ ಬಟ್ಟೆಯ ಎಳೆ ಕಾಣುತ್ತಿತ್ತು. ಒಂದು ಸಲ ಬೇರಿಗೆ ತಗುಲಿದ್ದಕ್ಕೆ ಅಷ್ಟು ಸವೆಯುವುದಿಲ್ಲ.